ಹುಳುವಿನ ಬಾಯಿ ನೋಡಿ ಮದ್ದು ಹೊಡೆಯಿರಿ: ಬೆಂಗಳೂರಿನ ಕೈತೋಟದ ಕೀಟಗಳು

ದಾಸವಾಳದ ಕುಡಿ ಮುದುಡಿ ಗಂಟಾಗಿದೆ. ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಕೆಳಗಿನ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಕಾಂಡದ ಉದ್ದಕ್ಕೂ ಇರುವೆಗಳ ಸಾಲು. ಮಾರ್ಚ್ ಬಂತೆಂದರೆ ಜಯನಗರದ ಹಳೇ ಮನೆಯ ಕಾಂಪೌಂಡಿನಲ್ಲೂ ವೈಟ್‌ಫೀಲ್ಡಿನ ಹತ್ತನೇ ಮಹಡಿಯ ಬಾಲ್ಕನಿಯಲ್ಲೂ ಕಾಣುವ ನೋಟ ಇದು. ಈ ನಾಲ್ಕೂ ಲಕ್ಷಣಗಳ ಹಿಂದೆ ಇರುವುದು ಒಂದೇ ಕೀಟ, ಬಿಳಿ ಹಿಟ್ಟು ತಿಗಣೆ. ಆದರೆ ಅಷ್ಟರಲ್ಲಿ ಕಪ್ಪು ಎಲೆಗೆಂದು ಶಿಲೀಂಧ್ರನಾಶಕ, ಇರುವೆಗೆಂದು ಪುಡಿ, ಮುದುಡಿದ ಕುಡಿಗೆಂದು ಇನ್ನಷ್ಟು ಗೊಬ್ಬರ ಹೀಗೆ ಮೂರು ಕಡೆ ದುಡ್ಡು ಖರ್ಚಾಗಿರುತ್ತದೆ. ತಿಗಣೆ ಮಾತ್ರ ಅಲ್ಲೇ ಕೂತಿರುತ್ತದೆ.

ನಮ್ಮ ಊರಿನ ಹವೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲವೇ ಕೀಟಗಳ ಸಂಖ್ಯೆಯನ್ನು ತಗ್ಗಿಸಿಬಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಗೂ ನಡುವೆ ಹೆಚ್ಚು ಕಡಿಮೆ ಇಡೀ ವರ್ಷ ಕಳೆದುಹೋಗುತ್ತದೆ. ಕೀಟಗಳಿಗೆ ಇಲ್ಲಿ ಬಿಡುವಿಲ್ಲ. ಒಂದೇ ಗಿಡದಲ್ಲಿ ಮೊಟ್ಟೆ, ಮರಿ, ತಾಯಿ ಎಲ್ಲವೂ ಒಟ್ಟಿಗೇ ಇರುತ್ತವೆ. ಹಾಗಾಗಿ ಒಮ್ಮೆ ಮದ್ದು ಹೊಡೆದು ಮುಗಿಯಿತು ಅನ್ನುವ ಹಾಗಿಲ್ಲ. ಮರಿಗಳು ಸತ್ತರೂ ಮೊಟ್ಟೆಗಳು ಉಳಿಯುತ್ತವೆ, ವಾರದಲ್ಲಿ ಮತ್ತೊಂದು ಪೀಳಿಗೆ ಎದ್ದು ಬರುತ್ತದೆ. ಇದೇ ಹವೆಯಿಂದ ನಮಗೆ ಲಾಭವೂ ಉಂಟು. ಕೀಟಗಳನ್ನು ತಿನ್ನುವ ಗುಲಗಂಜಿ ಹುಳು, ಜೇಡ, ಪುಟ್ಟ ಕಣಜಗಳಿಗೂ ಇಲ್ಲಿ ರಜೆಯಿಲ್ಲ. ತೋಟದಿಂದ ಕೀಟವನ್ನು ಪೂರ್ತಿ ಅಳಿಸುವುದು ಈ ಊರಿನಲ್ಲಿ ಸಾಧ್ಯವಿಲ್ಲದ ಗುರಿ. ಗಿಡ ತಾಳಿಕೊಳ್ಳುವಷ್ಟರ ಮಟ್ಟಕ್ಕೆ ಅದನ್ನು ಇಳಿಸಿ, ಉಳಿದ ಕೆಲಸವನ್ನು ಅದರ ಶತ್ರುಗಳಿಗೆ ಬಿಡುವುದು ಸಾಧ್ಯವಿರುವ ಗುರಿ.

ಯಾವ ಮದ್ದು ಎಂದು ಕೇಳುವ ಮೊದಲು ಹುಳುವಿಗೆ ಎಂಥ ಬಾಯಿ ಎಂದು ಕೇಳಿಕೊಳ್ಳಿ. ಎಲೆಯಲ್ಲಿ ತೂತು, ಅಂಚು ಕಚ್ಚಿದ ಗುರುತು, ನೆಲದ ಮೇಲೆ ಹಿಕ್ಕೆ ಕಂಡರೆ ಅದು ಅಗಿಯುವ ಬಾಯಿ: ಕಂಬಳಿಹುಳು, ದುಂಬಿ, ಮಿಡತೆ. ಎಲೆ ಇಡಿಯಾಗಿಯೇ ಇದ್ದು ಮುದುಡುವುದು, ಹಳದಿ ಚುಕ್ಕೆ ಬೀಳುವುದು, ಅಂಟಾಗುವುದು ಕಂಡರೆ ಅದು ಸೂಜಿಯಂತೆ ಚುಚ್ಚಿ ರಸ ಹೀರುವ ಬಾಯಿ: ತಿಗಣೆ, ಗಿಡಹೇನು, ಬಿಳಿನೊಣ, ಜಿಗಿಹುಳು. ಥ್ರಿಪ್ಸ್ ಎಂಬ ಗೆರೆಯಂಥ ಸಣ್ಣ ಕೀಟ ಮತ್ತು ನುಸಿ ಎಲೆಯ ಮೇಲ್ಪದರವನ್ನು ಕೆರೆದೋ ಚುಚ್ಚಿಯೋ ರಸ ಕುಡಿಯುತ್ತವೆ. ಎಲೆ ತಿನ್ನುವ ಹುಳುವಿಗೆ ಎಲೆಯ ಮೇಲೆ ಸಿಂಪಡಿಸಿದ್ದು ಹೊಟ್ಟೆಗೆ ಹೋಗುತ್ತದೆ. ರಸ ಹೀರುವ ಕೀಟ ಎಲೆಯ ಮೇಲ್ಮೈಯನ್ನು ತಿನ್ನುವುದೇ ಇಲ್ಲ, ಆದ್ದರಿಂದ ಮದ್ದು ಅದರ ಮೈಗೇ ತಾಗಬೇಕು. ಮನೆಯಲ್ಲಿ ಹೊಡೆದ ಮದ್ದು ಸೋಲುವುದು ಹೆಚ್ಚಾಗಿ ಈ ವ್ಯತ್ಯಾಸ ಮರೆತಾಗ.

ಹಿಟ್ಟು ತಿಗಣೆ ಮತ್ತು ಅದರ ಕಾವಲುಗಾರರು

ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಯಲು ಬೇಕಾದ ಸಾರಜನಕ ಕಡಿಮೆ. ಬೇಕಾದಷ್ಟು ಸಾರಜನಕಕ್ಕಾಗಿ ತಿಗಣೆ ಅಳತೆ ಮೀರಿ ರಸ ಕುಡಿಯುತ್ತದೆ, ಮಿಕ್ಕ ಸಕ್ಕರೆನೀರನ್ನು ಹಿಂದಿನಿಂದ ಹೊರಹಾಕುತ್ತದೆ. ಎಲೆಯ ಅಂಟು ಇದೇ. ಮರದ ಕೆಳಗೆ ನಿಲ್ಲಿಸಿದ ಕಾರಿನ ಗಾಜು ಜಿಗುಟಾಗುವುದೂ ಇಂಥ ರಸ ಹೀರುವ ಕೀಟಗಳಿಂದಲೇ. ಆ ಸಿಹಿಯ ಮೇಲೆ ಬೆಳೆಯುವುದು ಕಪ್ಪು ಬೂಷ್ಟು. ಅದು ಎಲೆಯೊಳಕ್ಕೆ ಇಳಿಯುವುದಿಲ್ಲ, ಬಿಸಿಲನ್ನು ಮರೆಮಾಡುತ್ತದೆ ಅಷ್ಟೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇರುವೆಗಳು ಬರುವುದೂ ಆ ಸಿಹಿಗೇ. ಬಂದವು ಸುಮ್ಮನಿರುವುದಿಲ್ಲ. ತಿಗಣೆಯ ಹತ್ತಿರ ಬರುವ ಗುಲಗಂಜಿ ಹುಳುವನ್ನೂ ಕಣಜವನ್ನೂ ಓಡಿಸುತ್ತವೆ. ಗೊಬ್ಬರದ ಪಾತ್ರವೂ ಇಲ್ಲಿ ತಿಳಿಯುತ್ತದೆ: ಯೂರಿಯಾದಂಥ ಸಾರಜನಕ ಗೊಬ್ಬರ ಹೆಚ್ಚು ಕೊಟ್ಟರೆ ಕುಡಿ ಮೆತ್ತಗಾಗಿ ರಸದಲ್ಲಿ ಸಾರಜನಕ ಏರುತ್ತದೆ, ತಿಗಣೆ ಮತ್ತು ಹೇನಿಗೆ ಅದು ಹಬ್ಬದೂಟ.

ಒಂದು ಹೆಣ್ಣು ತಿಗಣೆ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಚೀಲದ ರಕ್ಷೆ, ಬೆಳೆದ ತಾಯಿಗೆ ಮೇಣದ ಹಿಟ್ಟಿನ ರಕ್ಷೆ. ಈಗಷ್ಟೇ ಮೊಟ್ಟೆಯೊಡೆದು ಓಡಾಡುವ ಸಣ್ಣ ಮರಿಗೆ ಮಾತ್ರ ಏನೂ ಇಲ್ಲ. ನಮ್ಮ ಸಿಂಪಡಣೆ ಕೆಲಸ ಮಾಡುವುದು ಆ ಮರಿಗಳ ಮೇಲೆ, ಅದಕ್ಕೇ ಏಳು ದಿನಕ್ಕೊಮ್ಮೆ ಮೂರು ಸಲ ಹೊಡೆಯಬೇಕು ಅನ್ನುವುದು.

ಕೆಲಸದ ಅನುಕ್ರಮ ಹೀಗಿರಲಿ. ಮೊದಲು ಗಂಟಾದ ಕುಡಿಗಳನ್ನು ನಾಲ್ಕೈದು ಇಂಚು ಕೆಳಗೆ ಕತ್ತರಿಸಿ, ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಎರಡು ಮೂರು ದಿನ ಬಿಸಿಲಿಗಿಡಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಬಿಟ್ಟರೆ ಮರಿಗಳು ನಡೆದುಕೊಂಡು ವಾಪಸು ಬರುತ್ತವೆ. ಆಮೇಲೆ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಲೆಯ ಅಡಿಗೆ, ಕವಲುಗಳ ಸಂದಿಗೆ ರಭಸವಾಗಿ ನೀರು ಹಾಯಿಸಿ. ಅರ್ಧಕ್ಕರ್ಧ ಕೆಲಸ ಇಲ್ಲೇ ಆಗುತ್ತದೆ. ಬಾಲ್ಕನಿಯ ಗಿಡಗಳಲ್ಲಿ ತಿಗಣೆ ಮತ್ತು ನುಸಿ ವಿಪರೀತವಾಗುವುದಕ್ಕೆ ಮೇಲಿನ ಸೂರು ಒಂದು ದೊಡ್ಡ ಕಾರಣ. ಅಲ್ಲಿ ಮಳೆ ಎಲೆ ತೊಳೆಯುವುದಿಲ್ಲ, ಆ ಕೆಲಸ ನಿಮ್ಮದು. ಒಂದೆರಡು ತಿಗಣೆ ಮಾತ್ರ ಕಂಡರೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮುಟ್ಟಿದರೆ ಸಾಕು, ಮೇಣ ಕರಗಿ ಸಾಯುತ್ತವೆ. ಮೂರನೆಯದು ಇರುವೆ. ಕಾಂಡಕ್ಕೆ ದಪ್ಪ ಕಾಗದ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೇ ಗ್ರೀಸ್ ಹಚ್ಚಿದರೆ ತೊಗಟೆ ಕೆಡುತ್ತದೆ. ಗೋಡೆಗೋ ಪಕ್ಕದ ಗಿಡಕ್ಕೋ ತಾಗಿರುವ ಕೊಂಬೆ ಒಂದಿದ್ದರೂ ಇರುವೆ ಆ ಸೇತುವೆ ಹಿಡಿಯುತ್ತದೆ, ಆ ಕೊಂಬೆಯನ್ನು ಕತ್ತರಿಸಿ. ಕುಂಡವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುವವರು ಆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಲೇಬೇಕು, ಇಲ್ಲವಾದರೆ ಡೆಂಗ್ಯೂ ಸೊಳ್ಳೆಗೆ ತೊಟ್ಟಿ ಕಟ್ಟಿಕೊಟ್ಟಂತೆ. ಇಷ್ಟಾದ ಮೇಲೆ ಸೋಪಿನ ನೀರು ಅಥವಾ ಬೇವಿನೆಣ್ಣೆ.

ಸಿಂಪಡಿಸುವ ಮುನ್ನ ಒಂದು ನಿಮಿಷ ಗಿಡವನ್ನು ದಿಟ್ಟಿಸಿ ನೋಡಿ. ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾದ, ಮೈತುಂಬ ಉದ್ದುದ್ದ ಬಿಳಿ ಮೇಣದ ಎಳೆಗಳಿರುವ, ಚುರುಕಾಗಿ ಓಡುವ ಹುಳು ಇದೆಯೇ? ಅದು ತಿಗಣೆಯಲ್ಲ. ತಿಗಣೆಯನ್ನೇ ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಜಾತಿ ಇದು. ಬೆಳೆದ ದುಂಬಿ ಕಪ್ಪು, ತಲೆಯ ಭಾಗ ಕಿತ್ತಳೆ, ಗಾತ್ರ ಸಾಸಿವೆಗಿಂತ ಸ್ವಲ್ಪ ದೊಡ್ಡದು. ‘ದೊಡ್ಡ ತಿಗಣೆ’ ಎಂದು ಜನ ಹೊಸಕಿ ಹಾಕುವುದು ಹೆಚ್ಚಾಗಿ ಇದರ ಮರಿಯನ್ನೇ. ಇದನ್ನು ನೋಡುವಾಗ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಆ ಒಂದು ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ತಿಂದು ಮುಗಿಸುವ ತಿಗಣೆಗಳ ಸಂಖ್ಯೆ ನೂರನ್ನು ದಾಟುತ್ತದೆ. ಜೈವಿಕ ನಿಯಂತ್ರಣದ ಪ್ರಯೋಗಾಲಯಗಳಲ್ಲಿ ಕುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಅದರ ಮೇಲೆ ಈ ದುಂಬಿಯನ್ನು ಸಾಕುತ್ತಾರೆ. ದೊಡ್ಡ ಗಿಡಕ್ಕೆ ಹತ್ತು ದುಂಬಿ ಬಿಟ್ಟರೆ ಸಾಕು. ಬಿಟ್ಟ ಮೇಲೆ ಯಾವ ಮದ್ದನ್ನೂ ಹೊಡೆಯಬಾರದು, ಇರುವೆಯನ್ನು ಮಾತ್ರ ದೂರವಿಡಬೇಕು.

ಶತ್ರುವಿನ ಬಲ ಎಷ್ಟೆಂಬುದಕ್ಕೆ ಪರಂಗಿ ತಿಗಣೆಯ ಪ್ರಕರಣ ಸಾಕು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲ ಬಾರಿಗೆ ಕಂಡ ಈ ಹೊರಗಿನ ಕೀಟ ಕರ್ನಾಟಕಕ್ಕೂ ಹಬ್ಬಿ ಪರಂಗಿ, ಹಿಪ್ಪುನೇರಳೆ, ದಾಸವಾಳ ಎಲ್ಲವನ್ನೂ ಬಿಳಿಯಾಗಿಸಿತು. ಎಷ್ಟು ವಿಷ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಪರತಂತ್ರ ಕಣಜವನ್ನು ತರಿಸಿ ಬಿಡುಗಡೆ ಮಾಡಿತು. ಕಣಜ ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದ ತಿಂದು ಹೊರಬರುತ್ತದೆ. ಕಣಜ ನೆಲೆಯೂರಿದ ತೋಟಗಳಲ್ಲಿ ತಿಂಗಳುಗಳೊಳಗೆ ತಿಗಣೆ ಕುಸಿಯಿತು. ಇಂದಿಗೂ ನಮ್ಮ ಪರಂಗಿ ಗಿಡದಲ್ಲಿ ತಿಗಣೆಯ ಸಂಖ್ಯೆಯನ್ನು ಹಿಡಿದಿಟ್ಟಿರುವುದು ಅದೇ ಕಣಜ. ಎಲ್ಲವನ್ನೂ ಕೊಲ್ಲುವ ಮದ್ದು ಹೊಡೆದ ತೋಟದಲ್ಲಿ ಮೊದಲು ಸಾಯುವುದು ಈ ಕಣಜ, ಮೇಣದ ಹಿಟ್ಟಿನಡಿಯ ತಿಗಣೆಯಲ್ಲ. ಮದ್ದು ಹೊಡೆದ ಮೂರು ವಾರಕ್ಕೆ ಮೊದಲಿಗಿಂತ ಹೆಚ್ಚು ತಿಗಣೆ ಕಾಣಿಸುವುದರ ಗುಟ್ಟು ಇಷ್ಟೇ.

ಸೋಪು ಮತ್ತು ಬೇವು: ಎಲ್ಲಿ ತಪ್ಪಾಗುತ್ತದೆ

ಸೋಪಿನ ನೀರು ಮೆತ್ತನೆಯ ಮೈಯ ಕೀಟದ ಮೇಣದ ಪದರವನ್ನು ಕೆಡಿಸಿ ಅದು ಒಣಗಿ ಸಾಯುವಂತೆ ಮಾಡುತ್ತದೆ. ಒದ್ದೆ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಶಕ್ತಿ, ಒಣಗಿದ ಮೇಲೆ ಬರುವ ಕೀಟಕ್ಕೆ ಏನೂ ಆಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಪೊಟ್ಯಾಸಿಯಂ ಸೋಪು ಅಥವಾ ತುರಿದ ಖಾದಿ ಸೋಪು ಸಾಕು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಬೇಡ, ಅದು ಎಲೆ ಸುಡುತ್ತದೆ. ಬೆಂಗಳೂರಿನವರು ಮರೆಯಬಾರದ ಮಾತೊಂದಿದೆ: ಇಲ್ಲಿನ ಬಹಳಷ್ಟು ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಒಡೆದ ಹಾಲಿನಂತೆ ಕೆನೆಗಟ್ಟುತ್ತದೆ, ಕೀಟಕ್ಕೆ ತಾಗಬೇಕಾದ ಸೋಪು ಬಕೆಟ್ಟಿನಲ್ಲೇ ಉಳಿಯುತ್ತದೆ. ನೊರೆ ಬರದಿದ್ದರೆ ಆ ದ್ರಾವಣ ಚೆಲ್ಲಿ, ಕಾವೇರಿ ನೀರಲ್ಲೋ ಮಳೆನೀರಲ್ಲೋ ಹೊಸದಾಗಿ ಕಲಸಿ.

ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸೋಪಿನ ದ್ರವ 1ರಿಂದ 2 ಮಿಲಿ. ಎಣ್ಣೆಯನ್ನು ನೇರ ನೀರಿಗೆ ಸುರಿಯಬೇಡಿ. ಮೊದಲು ಎಣ್ಣೆ ಮತ್ತು ಸೋಪನ್ನು ಒಂದು ಲೋಟದಲ್ಲಿ ಚೆನ್ನಾಗಿ ಕಲಕಿ, ಉಗುರು ಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಹೋದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಉಳಿದ ನೀರು. ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ ಅದು ಬೆರೆತಿಲ್ಲ, ಹಾಗೇ ಹೊಡೆದರೆ ಎಣ್ಣೆ ಬಿದ್ದ ಜಾಗದಲ್ಲಿ ಎಲೆ ಕಪ್ಪಾಗುತ್ತದೆ. ಡಿಸೆಂಬರ್–ಜನವರಿಯ ಬೆಳಗಿನಲ್ಲಿ ಬಾಟಲಿಯ ಬೇವಿನೆಣ್ಣೆ ತುಪ್ಪದಂತೆ ಗಟ್ಟಿಯಾಗುವುದು ಸಹಜ, ಕೆಟ್ಟಿದೆಯೆಂದು ಎಸೆಯಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಕರಗುತ್ತದೆ. ಬೇವಿನ ಸತ್ತ್ವ ಬಿಸಿಲಿಗೆ ಬೇಗ ನಾಶವಾಗುವುದರಿಂದ ಸಂಜೆ ಐದರ ನಂತರ ಸಿಂಪಡಿಸಿ, ಕಲಸಿದ್ದನ್ನು ಅಂದೇ ಮುಗಿಸಿ. ಪಂಪಿನ ಮೂತಿ ಮೇಲ್ಮುಖವಾಗಿರಲಿ, ಕೀಟವಿರುವುದು ಎಲೆಯ ಅಡಿಯಲ್ಲಿ. ಹೊಸ ಗಿಡವಾದರೆ ಒಂದೆರಡು ಎಲೆಗೆ ಮಾತ್ರ ಹೊಡೆದು ಎರಡು ದಿನ ಕಾಯಿರಿ. ಎಣ್ಣೆಯ ಗೊಡವೆಯೇ ಬೇಡವೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳಿವೆ. ತುರಿದು ನೀರಲ್ಲಿ ಕರಗಿಸಿದರೆ ಆಯಿತು, ಪ್ರಮಾಣ ಪೊಟ್ಟಣದ ಮೇಲಿರುತ್ತದೆ.

ಬೇವು ತಕ್ಷಣ ಕೊಲ್ಲುವ ವಿಷವಲ್ಲ. ಕೀಟ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಪೊರೆ ಕಳಚುವುದನ್ನು ತಡೆಯುತ್ತದೆ, ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ. ಮಾರನೇ ಬೆಳಿಗ್ಗೆ ಹುಳು ಜೀವಂತ ಇದೆಯೆಂದು ಅದರ ಮೇಲೆ ಇನ್ನೊಂದು ಮದ್ದು ಹೊಡೆಯುವುದು ಆತುರ.

ಗಿಡಹೇನಿಗೆ ಇಷ್ಟೆಲ್ಲ ಬೇಕಿಲ್ಲ. ಅವರೆ ಬಳ್ಳಿಯ ಕುಡಿಯಲ್ಲಿ ಕಪ್ಪಗೆ, ಕಣಗಿಲೆಯಲ್ಲಿ ಹಳದಿಯಾಗಿ ಮುತ್ತುವ ಹೇನುಗಳು ನಮ್ಮ ಹವೆಯಲ್ಲಿ ಗಂಡಿನ ಅಗತ್ಯವಿಲ್ಲದೆಯೇ ಮರಿ ಹಾಕುತ್ತವೆ, ಆ ಮರಿ ಒಂದು ವಾರ ಹತ್ತು ದಿನಕ್ಕೇ ತಾಯಿಯಾಗುತ್ತದೆ. ಅಷ್ಟು ಬೇಗ ಹೆಚ್ಚಿದರೂ ಅವುಗಳ ಕಾಲು, ಬಾಯಿ ನಾಜೂಕು. ಮೂರು ದಿನ ಬೆಳಿಗ್ಗೆ ರಭಸದ ನೀರು ಹಾಯಿಸಿದರೆ ಕೆಳಗೆ ಬಿದ್ದವು ಮತ್ತೆ ಹತ್ತಲಾರವು. ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ ಹೇನುಗಳು ಕಂಡರೆ ಸಂತೋಷಪಡಿ, ಒಳಗೆ ಕಣಜದ ಮರಿ ಬೆಳೆಯುತ್ತಿದೆ. ಆ ಎಲೆಗಳನ್ನು ಕೀಳಬೇಡಿ.

ಮೆಣಸಿನ ಗಿಡದ ಮುಟುರು

ತಾರಸಿ ತೋಟದವರ ಅತಿ ಹೆಚ್ಚಿನ ದೂರು ಮೆಣಸಿನ ಎಲೆ ಮುದುಡುವುದು. ಎಲೆ ಯಾವ ಕಡೆಗೆ ಮುದುಡಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಅಂಚು ಮೇಲಕ್ಕೆ ಎದ್ದು ದೋಣಿಯಂತಾದರೆ ಥ್ರಿಪ್ಸ್. ಅಂಚು ಕೆಳಕ್ಕೆ ಬಾಗಿ ದೋಣಿ ಬೋರಲು ಬಿದ್ದಂತಾಗಿ, ತೊಟ್ಟು ಉದ್ದವಾಗಿ, ಎಲೆ ಸಣ್ಣದಾದರೆ ಹಳದಿ ನುಸಿ. ಎರಡೂ ಅಲ್ಲದೆ ಎಲೆ ದಪ್ಪವಾಗಿ ಗುಬುರಾಗಿ ಗಿಡವೇ ಕುಳ್ಳಾಗಿ ನಿಂತರೆ ಬಿಳಿನೊಣ ಹರಡುವ ನಂಜು (ವೈರಸ್) ರೋಗದ ಅನುಮಾನ. ಅದಕ್ಕೆ ಮದ್ದಿಲ್ಲ, ಗಿಡ ಕಿತ್ತು ಚೀಲಕ್ಕೆ ಕಟ್ಟುವುದೇ ಉಳಿದ ಗಿಡಗಳಿಗೆ ಕ್ಷೇಮ.

ನುಸಿ ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗ. ಆದ್ದರಿಂದ ಕೀಟಕ್ಕೆಂದು ತಯಾರಾದ ಬಹಳಷ್ಟು ಮದ್ದು ಅದಕ್ಕೆ ತಾಗುವುದಿಲ್ಲ, ಅದನ್ನು ತಿನ್ನುವ ಜೀವಿಗಳನ್ನು ಕೊಂದು ನುಸಿಯನ್ನೇ ಹೆಚ್ಚಿಸುತ್ತದೆ. ಹಳದಿ ನುಸಿಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ, ಎಲೆಯ ಅಡಿಗೆ. ಬಿಸಿಲು 32 ಡಿಗ್ರಿ ಮೀರಿದ ದಿನ ಗಂಧಕ ಬೇಡ. ಬೇವಿನೆಣ್ಣೆ ಹೊಡೆದು ಮೂರು ವಾರವಾಗಿಲ್ಲದಿದ್ದರೂ ಬೇಡ, ಎಣ್ಣೆ ಮತ್ತು ಗಂಧಕ ಸೇರಿದರೆ ಎಲೆ ಸುಟ್ಟು ಹೋಗುತ್ತದೆ. ಗುಲಾಬಿಯಲ್ಲಿ ಏಪ್ರಿಲ್–ಮೇ ಹೊತ್ತಿಗೆ ಕಾಣುವ ಕೆಂಪು ನುಸಿ ಬಿಳಿ ಕಾಗದದ ಮೇಲೆ ಎಲೆ ಕೊಡವಿದರೆ ನಡೆದಾಡುವ ಧೂಳಿನ ಕಣದಂತೆ ತೋರುತ್ತದೆ. ರಸ್ತೆಯ ಧೂಳು ಕೂತ, ಒಣಗಿದ ಎಲೆ ಅದಕ್ಕೆ ಪ್ರೀತಿ. ವಾರಕ್ಕೆರಡು ಸಲ ಎಲೆಯ ಅಡಿ ತೊಳೆಯುವುದು ಯಾವ ಮದ್ದಿಗಿಂತಲೂ ಮೇಲು.

ಥ್ರಿಪ್ಸ್ ವಿಷಯದಲ್ಲಿ ಇತ್ತೀಚಿನ ದಶಕ ಕಷ್ಟದ್ದು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊಸ ಜಾತಿ 2015ರಲ್ಲಿ ಬೆಂಗಳೂರಿನ ಪರಂಗಿ ಗಿಡಗಳಲ್ಲಿ ಗುರುತಿಗೆ ಬಂತು, 2021ರ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿತು. ಇದು ಎಲೆಗಿಂತ ಹೂವಿನೊಳಗೆ ಹೆಚ್ಚು ಸೇರಿಕೊಳ್ಳುತ್ತದೆ. ಹೂ ಬಿಡಿಸಿ ಅಂಗೈ ಮೇಲೆ ಕೊಡವಿದರೆ ಕಪ್ಪು ಗೆರೆಯಂಥ ಹುಳುಗಳು ಓಡುತ್ತವೆ. ಗಿಡದ ತುದಿಯ ಎತ್ತರಕ್ಕೆ ನೀಲಿ ಅಂಟು ಹಲಗೆ ತೂಗಿ, ಬಿಳಿನೊಣ ಮತ್ತು ಹೇನಿಗೆ ಹಳದಿ. ಹಲಗೆಯಿಂದ ಕೀಟ ಬಂದಿದೆಯೆಂದು ತಿಳಿಯುತ್ತದೆ, ಅಷ್ಟರಿಂದಲೇ ಅದು ಮುಗಿಯುವುದಿಲ್ಲ. ಥ್ರಿಪ್ಸ್ ಮಣ್ಣಿನಲ್ಲಿ ಕೋಶವಾಗುವುದರಿಂದ ಕುಂಡದ ಮೇಲ್ಮಣ್ಣು ಕೆದಕಿ ಒಂದು ಹಿಡಿ ಬೇವಿನ ಹಿಂಡಿ ಬೆರೆಸುವುದೂ ಸೇರಿದರೆ ಮಾತ್ರ ಹತೋಟಿ.

ಎಲೆ ತಿನ್ನುವವು

ಮಳೆ ಶುರುವಾಗಿ ಹೊಸ ಚಿಗುರು ಬಂದ ಮೇಲೆ ಇವುಗಳ ಕಾಲ. ನಂದಿಬಟ್ಟಲಿನ ಕೆಳಗೆ ನೆಲದ ಮೇಲೆ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿದ್ದರೆ ನೇರ ಮೇಲೆ ನೋಡಿ. ಬೆರಳುದ್ದದ, ಕತ್ತಿನ ಬಳಿ ಎರಡು ನೀಲಿ ಕಣ್ಣಿನ ಗುರುತಿರುವ ದಪ್ಪ ಹಸಿರು ಹುಳು ಇರುತ್ತದೆ, ಕಣಗಿಲೆ ಪತಂಗದ ಮರಿ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಎರಡು ಮೂರು ಹುಳು ಕೈಯಿಂದ ತೆಗೆದರೆ ಗಿಡ ಉಳಿಯಿತು. ಕರಿಬೇವು, ನಿಂಬೆಯಲ್ಲಿ ಹಕ್ಕಿಯ ಹಿಕ್ಕೆಯಂತೆ ಕಂಡು ಆಮೇಲೆ ಹಸಿರಾಗುವ ಹುಳು ನಿಂಬೆ ಚಿಟ್ಟೆಯದು. ಎರಡಡಿಯ ಎಳೆ ಗಿಡವಾದರೆ ತೆಗೆಯಿರಿ. ಆಳೆತ್ತರದ ಗಿಡವಾದರೆ ನಾಲ್ಕು ಕಡ್ಡಿ ಎಲೆ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ, ಅಂಗಳಕ್ಕೆ ಚಿಟ್ಟೆ ಬರುತ್ತದೆ. ಸೈಕಾಸ್ ಗಿಡದ ವಿಷಯ ಬೇರೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವ ಹೊಸ ಗರಿಯನ್ನು ಪುಟ್ಟ ನೀಲಿ ಚಿಟ್ಟೆಯೊಂದರ ಮರಿಗಳು ಒಂದೇ ವಾರದಲ್ಲಿ ತಿಂದು ಕಂದಾಗಿಸುತ್ತವೆ, ಆ ಗರಿ ಮತ್ತೆ ಸರಿಯಾಗುವುದಿಲ್ಲ. ಸುಳಿ ಏಳುವಾಗಲೇ ತೆಳುವಾದ ಬಲೆ ಹೊದಿಸಿ, ಗರಿ ಬಲಿತ ಮೇಲೆ ತೆಗೆಯಿರಿ.

ನುಗ್ಗೆಯ ಕಂಬಳಿಹುಳು ಮಾತ್ರ ಕೈಯಲ್ಲಿ ಮುಟ್ಟುವಂಥದ್ದಲ್ಲ. ಅದರ ಕೂದಲು ತಾಗಿದರೆ ಮೈ ದದ್ದು, ತುರಿಕೆ. ರಾತ್ರಿ ಎಲೆ ತಿಂದು ಹಗಲು ಕಾಂಡದ ಮೇಲೆ ಕಂಬಳಿ ಹೊದಿಸಿದಂತೆ ಗುಂಪಾಗಿ ಕೂರುವುದು ಅದರ ದೌರ್ಬಲ್ಯ. ಕೈಗವಸು ಹಾಕಿ, ಉದ್ದ ಹಿಡಿಯ ಪೊರಕೆಯಿಂದ ಆ ಗುಂಪನ್ನೇ ಸೋಪುನೀರಿನ ಬಕೆಟ್ಟಿಗೆ ಕೆಡವಿದರೆ ಇಡೀ ಮರದ ಹುಳು ಒಂದೇ ಸಲಕ್ಕೆ ಹೋಗುತ್ತದೆ. ಮರಕ್ಕೆಲ್ಲ ವಿಷ ಹೊಡೆಯುವ ಅಗತ್ಯವೇ ಇಲ್ಲ.

ಹುಳು ತುಂಬ ಇದ್ದು ಕೈಗೆ ಸಿಗದಿದ್ದಾಗ ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಪುಡಿ ಲೀಟರಿಗೆ 1ರಿಂದ 2 ಗ್ರಾಂ. ಇದು ಹೊಟ್ಟೆಗೆ ಹೋದರೆ ಮಾತ್ರ ಕೆಲಸ. ತಿಂದ ಕೆಲವು ಗಂಟೆಗಳಲ್ಲಿ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಎಳೆಯ ಹುಳುವಿಗೆ ಚೆನ್ನಾಗಿ ತಾಗುತ್ತದೆ, ಬಲಿತದ್ದಕ್ಕೆ ಅಷ್ಟಿಲ್ಲ. ತಿಗಣೆ, ಹೇನಿಗೆ ಏನೂ ಆಗುವುದಿಲ್ಲ, ಅವು ಎಲೆ ತಿನ್ನುವುದೇ ಇಲ್ಲವಲ್ಲ. ಚಿಟ್ಟೆಯ ಮರಿ, ಪತಂಗದ ಮರಿ ಎಂಬ ಭೇದ ಇದಕ್ಕಿಲ್ಲ. ರೇಷ್ಮೆಹುಳುವಿಗೂ ಮಾರಕ. ರಾಮನಗರ, ಶಿಡ್ಲಘಟ್ಟದ ಕಡೆ ತೋಟದ ಮನೆ ಇರುವವರು ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಇದನ್ನು ಮುಟ್ಟಲೇಬಾರದು.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದಷ್ಟು ಚೊಕ್ಕವಾದ ಅರೆವೃತ್ತಗಳು ಕಂಡರೆ ಅದು ಹುಳುವಿನ ಕೆಲಸವಲ್ಲ. ಎಲೆಗತ್ತರಿ ಜೇನು ತನ್ನ ಗೂಡಿಗೆ ಅಸ್ತರು ಹಾಕಲು ಒಯ್ದ ತುಂಡುಗಳು ಅವು. ನಿಮ್ಮ ತೋಟದ ಹೂಗಳಿಗೆ ಪರಾಗ ಹಚ್ಚುವ ಜೀವಿ, ಏನೂ ಮಾಡಬೇಡಿ.

ಒಳಗೆ ಕೂತವು

ಕಾಯಿ, ಕುಡಿ, ಎಲೆಯ ಪದರದೊಳಗೆ ಇರುವ ಹುಳುವಿಗೆ ಹೊರಗಿನ ಸಿಂಪಡಣೆ ಮುಟ್ಟುವುದಿಲ್ಲ. ಬದನೆಯ ಕುಡಿ ನೀರು ಹಾಕಿದರೂ ಜೋತು ಬಿದ್ದಿದ್ದರೆ ಒಳಗೆ ಕುಡಿ ಕೊರಕ ಇದೆ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ ನಾಶ ಮಾಡಿ. ವಾರಕ್ಕೆರಡು ಸಲ ತಪ್ಪದೆ ಇದನ್ನು ಮಾಡಿದರೆ ಕಾಯಿಗೆ ಹೋಗುವ ಹುಳುವಿನ ಸಂಖ್ಯೆಯೇ ಇಳಿಯುತ್ತದೆ, ಜೊತೆಗೆ ಗಂಡು ಪತಂಗವನ್ನು ಹೆಣ್ಣಿನ ವಾಸನೆಯಿಂದ ಸೆಳೆದು ಹಿಡಿಯುವ ಒಂದು ಮೋಹಕ ಬಲೆ ಇರಲಿ. ಟೊಮೇಟೊ, ನಿಂಬೆಯ ಎಲೆಯಲ್ಲಿ ಅಂಕುಡೊಂಕು ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗೆ ಗೆರೆ ಬಿದ್ದ ಎಲೆ ಕಿತ್ತರೆ ಸಾಕು. ಮಲ್ಲಿಗೆಯ ಮೊಗ್ಗು ನೇರಳೆಗೆ ತಿರುಗಿ ಒಣಗಿದರೆ ಮೊಗ್ಗಿನ ನೊಣ. ಆ ಮೊಗ್ಗುಗಳನ್ನು ಆರಿಸಿ ತೆಗೆದು, ಬುಡದ ಮಣ್ಣು ಕೆದಕಿ ಬಿಸಿಲು ತೋರಿಸಿ, ಅದು ಕೋಶವಾಗುವುದು ಅಲ್ಲಿ.

ಸೀಬೆ, ಮಾವಿನ ಹಣ್ಣಿನೊಳಗಿನ ಬಿಳಿ ಹುಳು ಹಣ್ಣಿನ ನೊಣದ್ದು. ಮೀಥೈಲ್ ಯುಜಿನಾಲ್ ಬಲೆ ಇವಕ್ಕೆ, ಹಾಗಲ, ಹೀರೆ, ಪಡವಲದ ನೊಣಕ್ಕೆ ಕ್ಯೂಲ್ಯೂರ್ ಬಲೆ. ಒಂದರ ಬದಲು ಇನ್ನೊಂದು ತೂಗಿದರೆ ಬಲೆ ಖಾಲಿಯೇ ಇರುತ್ತದೆ. ಎರಡೂ ಸೆಳೆಯುವುದು ಗಂಡು ನೊಣವನ್ನು ಮಾತ್ರ, ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಆದ್ದರಿಂದ ಸೀಬೆಯ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದದ ಇಲ್ಲವೇ ಬಟ್ಟೆಯ ಚೀಲ ಕಟ್ಟುವುದು ಖಚಿತ ಉಪಾಯ. ಉದುರಿದ ಹಣ್ಣನ್ನು ದಿನವೂ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಬುಡದಲ್ಲಿ ಮೇಲುಮೇಲೆ ಹೂತರೆ ನೊಣ ಮಣ್ಣಿನಿಂದಲೇ ಎದ್ದು ಬರುತ್ತದೆ, ಹೂಳುವುದಾದರೆ ಎರಡು ಅಡಿ ಆಳ.

ಮರಗಳು

ಹೊಂಗೆಯ ಎಲೆಯ ಮೇಲೆ ವರ್ಷವೂ ಏಳುವ ಗುಳ್ಳೆಗಳು ನುಸಿಯಿಂದ ಬರುವಂಥವು. ಬೀದಿಯ ಹೊಂಗೆಗಳೆಲ್ಲ ಅದರೊಂದಿಗೇ ಸುಖವಾಗಿವೆ. ಬೇಲಿಗೆ ನೆಟ್ಟ ಫೈಕಸ್‌ನ ಎಲೆ ಮಡಚಿಕೊಂಡು ಒಳಗೆ ಕಪ್ಪು ಥ್ರಿಪ್ಸ್ ತುಂಬಿದ್ದರೆ ಸಿಂಪಡಣೆ ಒಳಗೆ ಹೋಗುವುದಿಲ್ಲ, ತುದಿ ಕತ್ತರಿಸಿ ಚೀಲಕ್ಕೆ ಕಟ್ಟಿ. ಅಪಾರ್ಟ್‌ಮೆಂಟಿನ ಬೇಲಿಯನ್ನು ತಿಂಗಳಿಗೊಮ್ಮೆ ಕತ್ತರಿಸಿದಷ್ಟೂ ಎಳೆ ಚಿಗುರು ಬರುತ್ತದೆ, ಥ್ರಿಪ್ಸ್ ಮುತ್ತುವುದು ಎಳೆ ಚಿಗುರಿಗೇ.

ತೆಂಗಿನ ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿಗಳು, ಕೆಳಗಿನ ಗಿಡಗಳೆಲ್ಲ ಮಸಿ ಆಗಿದ್ದರೆ ಅದು ರುಗೋಸ್ ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಪತ್ತೆಯಾಗಿ ದಕ್ಷಿಣ ಭಾರತಕ್ಕೆಲ್ಲ ಹಬ್ಬಿತು. ನೋಡಲು ಭೀಕರ, ಆದರೆ ಇದಕ್ಕೆ ಕೀಟನಾಶಕ ಹೊಡೆಯಬೇಡಿ ಎಂಬುದೇ ವಿಜ್ಞಾನಿಗಳ ಸಲಹೆ. ಎನ್‌ಕಾರ್ಸಿಯಾ ಎಂಬ ಕಣಜ ಇದನ್ನು ತಾನಾಗಿ ಹತೋಟಿಗೆ ತರುತ್ತದೆ. ಮಸಿ ಕಳಚಲು ಶೇ 1ರ ಗಂಜಿ, ಅಂದರೆ ಲೀಟರಿಗೆ 10 ಗ್ರಾಂ ಪಿಷ್ಟದ ಗಂಜಿ ಸಿಂಪಡಿಸಿದರೆ ಒಣಗಿ ಸಿಪ್ಪೆಯಂತೆ ಉದುರುತ್ತದೆ. ತೆಂಗಿನ ಗರಿಯಲ್ಲಿ ಕತ್ತರಿ ಹಾಕಿದಂತೆ ವಿ ಆಕಾರದ ಕಡಿತ ಕಂಡರೆ ಕೊಂಬಿನ ದುಂಬಿ. ಬೇವಿನ ಹಿಂಡಿ, ಮರಳು ಸಮನಾಗಿ ಬೆರೆಸಿ ಸುಳಿಯ ಸುತ್ತ ಮೇಲಿನ ಮೂರು ಗರಿಗಳ ಬುಡದ ಸಂದಿಗೆ ತುಂಬಿಸಿ.

ಅಂಗಡಿಯ ಬಾಟಲಿ

ಇಷ್ಟೆಲ್ಲ ಮಾಡಿಯೂ ರಾಸಾಯನಿಕ ಬೇಕೆನಿಸಿದರೆ ಮೊದಲು ಲೇಬಲ್ಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮಕ್ಕಳು, ನಾಯಿ ಬೆಕ್ಕು ಓಡಾಡುವ ಮನೆಯಂಗಳಕ್ಕೆ ಕೆಂಪು, ಹಳದಿ ತ್ರಿಕೋನದ್ದು ಬರಲೇಬಾರದು. ಡೈಕ್ಲೋರ್ವಾಸ್, ಫೋರೇಟ್ ಎರಡೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿವೆ, ಹಳೆಯ ದಾಸ್ತಾನನ್ನು ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ. ಗಿಡದ ರಸದಲ್ಲಿ ಹರಿಯುವ ಇಮಿಡಾಕ್ಲೋಪ್ರಿಡ್‌ನಂಥ ಮದ್ದು ಹೂವಿನ ಮಕರಂದಕ್ಕೂ ತಲುಪುತ್ತದೆ, ಜೇನಿಗೆ ಅದು ವಿಷ. ಹೂ ಬಿಟ್ಟ ಗಿಡಕ್ಕೂ, ಎಲೆ ಕಿತ್ತು ಅಡುಗೆಗೆ ಹಾಕುವ ಕರಿಬೇವು, ಪುದೀನ, ಸೊಪ್ಪುಗಳಿಗೂ ಅದು ಬೇಡ. ಬೇರೆ ತರಕಾರಿಗೆ ಹೊಡೆದರೆ ಕೊಯ್ಲಿಗೆ ಮುನ್ನ ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿ ಬರೆದಿರುತ್ತದೆ, ಅಷ್ಟು ದಿನ ಕಾಯಲೇಬೇಕು.

ಮಣ್ಣಿನಲ್ಲಿ

ಏಪ್ರಿಲ್–ಮೇ ತಿಂಗಳ ಮೊದಲ ಜೋರು ಮಳೆಯ ಸಂಜೆ ದೀಪಕ್ಕೆ ಬಂದು ಬಡಿದುಕೊಳ್ಳುವ ಕಂದು ದುಂಬಿಗಳ ಮರಿಯೇ ಗೊಣ್ಣೆಹುಳು. ಜುಲೈನಿಂದ ಸೆಪ್ಟೆಂಬರಿನವರೆಗೆ ಅದು ಹುಲ್ಲುಹಾಸಿನ ಬೇರು ತಿನ್ನುತ್ತದೆ. ಹಾಸು ಅಲ್ಲಲ್ಲಿ ಹಳದಿಯಾಗಿ, ಹಿಡಿದೆಳೆದರೆ ಚಾಪೆಯಂತೆ ಸುರುಳಿಯಾಗಿ ಎದ್ದುಬಂದರೆ ಅಡಿಯಲ್ಲಿ ಇದೆ ಎಂದೇ ಅರ್ಥ. ಮಳೆಯ ಆ ಸಂಜೆಗಳಲ್ಲಿ ದೀಪದ ಕೆಳಗೆ ಸೋಪುನೀರಿನ ಟಬ್ ಇಟ್ಟು ದುಂಬಿಗಳನ್ನೇ ಹಿಡಿದರೆ ಮುಂದಿನ ಕಷ್ಟ ಕಡಿಮೆ. ಮರಿಗಳಿಗೆ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವದ ಮಣ್ಣಿಗೆ ಕೊಡಬೇಕು, ಒಣ ಮಣ್ಣಿನಲ್ಲಿ ಆ ಶಿಲೀಂಧ್ರ ಬದುಕುವುದಿಲ್ಲ.

ಮನೆಯ ಕಾಂಪೋಸ್ಟಿನಲ್ಲಿ ಕಾಣುವ ಎಲ್ಲ ಬಿಳಿ ಹುಳುವೂ ಗೊಣ್ಣೆಯಲ್ಲ. ಚಪ್ಪಟೆಯಾಗಿ ಕಂದುಬೂದು ಬಣ್ಣದಲ್ಲಿ ಗಿಜಿಗುಡುವವು ಸೈನಿಕ ನೊಣದ ಮರಿಗಳು, ಅಡುಗೆಮನೆಯ ಕಸವನ್ನು ಬೇಗ ಗೊಬ್ಬರ ಮಾಡುವವು. ಸಿ ಅಕ್ಷರದಂತೆ ಬಾಗಿದ ದಪ್ಪ ಬಿಳಿ ಹುಳು ಸಿಕ್ಕರೆ ಸಮತಟ್ಟಾದ ನೆಲದ ಮೇಲಿಟ್ಟು ನೋಡಿ. ಬೆನ್ನು ಕೆಳಗಾಗಿ, ಕಾಲು ಮೇಲೆತ್ತಿಕೊಂಡು ಬೆನ್ನಿನ ಮೇಲೇ ಸಾಗಿದರೆ ಅದು ಹೂದುಂಬಿಯ ಮರಿ, ಕೊಳೆತದ್ದನ್ನು ಮಾತ್ರ ತಿನ್ನುತ್ತದೆ. ಅದನ್ನು ಕಾಂಪೋಸ್ಟಿಗೇ ವಾಪಸು ಹಾಕಿ, ಕುಂಡಕ್ಕೆ ಗೊಬ್ಬರ ತುಂಬುವಾಗ ಮಾತ್ರ ಜರಡಿ ಹಿಡಿದು ಬೇರ್ಪಡಿಸಿ. ಪಕ್ಕಕ್ಕೆ ಮಲಗಿ ಒದ್ದಾಡುವುದನ್ನು ತೆಗೆದುಬಿಡಿ. ಹೆಬ್ಬೆರಳು ಗಾತ್ರಕ್ಕೆ ಬೆಳೆದದ್ದಾದರೆ ಅದು ಕೊಂಬಿನ ದುಂಬಿಯ ಮರಿಯೇ ಇರಬಹುದು, ಹಿತ್ತಿಲಲ್ಲಿ ತೆಂಗು ಇರುವವರು ಗೊಬ್ಬರದ ಗುಂಡಿಯನ್ನು ಎರಡು ತಿಂಗಳಿಗೊಮ್ಮೆ ಮಗುಚಿ ಇವನ್ನು ಆರಿಸಬೇಕು. ಗುಂಡಿ ಮಗುಚಿದ ದಿನ ಮೈನಾ, ಕೆಂಬೂತಗಳು ತಾವಾಗಿ ಬರುತ್ತವೆ, ಒಂದು ಗಂಟೆ ಅವಕ್ಕೆ ಬಿಟ್ಟು ಆಮೇಲೆ ಮುಚ್ಚಿ.